ಒಬ್ಬ ಗಂಡ, ಇಬ್ಬರು ವಿಧವೆಯರು, ಒಂದೇ ಪಿಂಚಣಿ



ಸರಕಾರಿ ನೌಕರಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಂಗಸರು ಕುಟುಂಬ ಪಿಂಚಣಿ ಕೇಳಿಕೊಂಡು ಬಂದರೆ ಹಣ ಯಾರಿಗೆ ಸೇರಬೇಕು? ಊರಿನಲ್ಲೊಂದು, ಮುಂಬಯಿಯ ಚಾಳಿನಲ್ಲೊಂದು ಸಂಸಾರ ಹೂಡಿದ ಗಂಡಸರ ಕಥೆ ನಮಗೆ ಹೊಸದೇನಲ್ಲ. ಉತ್ತರ ಅಡಗಿರುವುದು ಮದುವೆಯ ತಾರೀಖಿನಲ್ಲಿ. ಆ ತಾರೀಖಿಗೆ ಇಷ್ಟು ತೂಕ ಬಂದದ್ದರ ಹಿಂದೆ ನಮ್ಮ ಮುಂಬಯಿಯ ಇತಿಹಾಸವೇ ಇದೆ.

ಹಿಂದೆ ಹಿಂದೂ ಗಂಡಸು ಎಷ್ಟು ಮದುವೆಯಾದರೂ ಕಾನೂನು ತಡೆಯುತ್ತಿರಲಿಲ್ಲ. 1946ರಲ್ಲಿ ಮುಂಬಯಿ ಪ್ರಾಂತ್ಯ ಇದನ್ನು ನಿಷೇಧಿಸಿ ಕಾಯ್ದೆ ತಂದಿತು. ಹೆಂಡತಿ ಬದುಕಿರುವಾಗ ಆದ ಮತ್ತೊಂದು ಮದುವೆ ಅಸಿಂಧು. ತಪ್ಪಿದವನಿಗೆ 7 ವರ್ಷದವರೆಗೆ ಸೆರೆವಾಸ. ಪ್ರಾಂತ್ಯದ ನಿವಾಸಿ ಹೊರಗೆ ಹೋಗಿ ತಾಳಿ ಕಟ್ಟಿ ಬಂದರೂ ಬಿಡುಗಡೆಯಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಆಗ ಇದೇ ಪ್ರಾಂತ್ಯದಲ್ಲಿದ್ದವು. ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಮದ್ರಾಸಿನ ಕೆಳಗಿತ್ತು. ಅಲ್ಲಿ ಇಂಥದೇ ಕಾಯ್ದೆ 1949ರಲ್ಲಿ ಬಂತು.

ಮುಸಲ್ಮಾನರಿಗಿಲ್ಲದ ತಡೆ ಹಿಂದೂಗಳಿಗೆ ಮಾತ್ರ ಏಕೆ ಎಂಬ ವಾದ ಮುಂಬಯಿ ಹೈಕೋರ್ಟಿನ ಮುಂದೆ ಬಂತು. ಸರಕಾರ ಸಮಾಜ ಸುಧಾರಣೆಯನ್ನು ಹಂತ ಹಂತವಾಗಿ ತರಬಹುದು ಎಂದು 1951ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಮತ್ತು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಕಾಯ್ದೆಯನ್ನು ಎತ್ತಿಹಿಡಿದರು. ಎರಡನೆಯವರ ಮನೆತನದ ಹೆಸರಿನಲ್ಲೇ ನಮ್ಮ ಗಜೇಂದ್ರಗಡ ಇದೆ, ಗಮನಿಸಿ! 1955ರ ಮೇ 18ರಿಂದ ಹಿಂದೂ ವಿವಾಹ ಕಾಯ್ದೆ ಇದೇ ನಿಯಮವನ್ನು ದೇಶಕ್ಕೆಲ್ಲ ಹರಡಿತು.

ಈಗ ಪಿಂಚಣಿಗೆ ಬರೋಣ. ಕೇಂದ್ರ ಸರಕಾರದ 1972ರ ಪಿಂಚಣಿ ನಿಯಮಗಳಲ್ಲಿ ಒಂದು ಸಾಲಿದೆ: ಒಬ್ಬರಿಗಿಂತ ಹೆಚ್ಚು ವಿಧವೆಯರಿದ್ದರೆ ಕುಟುಂಬ ಪಿಂಚಣಿ ಸಮಪಾಲು. 2021ರ ಹೊಸ ನಿಯಮಗಳಲ್ಲೂ ಅದು ಉಳಿದಿದೆ. ಇದನ್ನು ಓದಿ ಎಷ್ಟೋ ಹೆಂಗಸರು ಆಸೆಪಡುತ್ತಾರೆ. ಆದರೆ ‘ವಿಧವೆ’ ಎಂದರೆ ಕಾನೂನು ಒಪ್ಪಿದ ಮದುವೆಯ ವಿಧವೆ. ನಿಷೇಧಕ್ಕೆ ಮುಂಚೆ ಮದುವೆಯಾದ ಇಬ್ಬರು ಹಿಂದೂ ಪತ್ನಿಯರು ಈ ಪಾಲಿಗೆ ಅರ್ಹರು. ಮುಸ್ಲಿಂ ಕಾನೂನಿನಂತೆ ಸಿಂಧುವಾಗಿ ಮದುವೆಯಾದ ಇಬ್ಬರೂ ಅರ್ಹರು. ನಿಷೇಧದ ನಂತರದ ಹಿಂದೂ ಎರಡನೆಯ ಹೆಂಡತಿಗೆ ಆ ಸಾಲು ಅನ್ವಯಿಸುವುದಿಲ್ಲ.

ಮಕ್ಕಳ ಮಾತು ಬೇರೆ. ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2000ರಲ್ಲಿ, ಎರಡನೆಯ ಹೆಂಡತಿಗೆ ಪಿಂಚಣಿ ಇಲ್ಲ, ಆದರೆ ಅವಳ ಮಕ್ಕಳಿಗೆ ಪ್ರಾಯಕ್ಕೆ ಬರುವವರೆಗೆ ಪಾಲುಂಟು ಎಂದಿತು. ಅಂಥ ಮಕ್ಕಳ ಪಾಲನ್ನು ಕೇಂದ್ರ ಸರಕಾರವೂ 2012ರಲ್ಲಿ ಒಪ್ಪಿತು. ಅಪ್ಪನ ತಪ್ಪಿಗೆ ಮಕ್ಕಳೇಕೆ ಉಪವಾಸ ಬೀಳಬೇಕು?

ತಾಯಿಯ ಗತಿಯೇನು? ಮಹಾರಾಷ್ಟ್ರದ ನಿಯಮಗಳಡಿ ಕಾನೂನುಬದ್ಧ ಪತ್ನಿಗೆ ಮಾತ್ರ ಪಿಂಚಣಿ ಎಂದು ಮುಂಬಯಿ ಹೈಕೋರ್ಟಿನ ಪೂರ್ಣಪೀಠ 2019ರಲ್ಲಿ ಹೇಳಿತು. 2022ರಲ್ಲಿ ಸೊಲ್ಲಾಪುರದ ಒಬ್ಬ ಮಹಿಳೆಯ ಅರ್ಜಿಯೂ ಇದೇ ಕಾರಣಕ್ಕೆ ಬಿದ್ದುಹೋಯಿತು. ಇಲ್ಲೊಂದು ವಿಚಿತ್ರವಿದೆ. ಮೊದಲ ಮದುವೆ ಮುಚ್ಚಿಟ್ಟು ಮೋಸಮಾಡಿದವನಿಂದ ಎರಡನೆಯವಳು ಜೀವನಾಂಶ ಪಡೆಯಬಹುದೆಂದು ಸುಪ್ರೀಂ ಕೋರ್ಟು 2013ರಲ್ಲಿ, ಮಹಾರಾಷ್ಟ್ರದ ಪ್ರಕರಣದಲ್ಲೇ ಹೇಳಿತ್ತು. ಅಂದರೆ ಅವನು ಬದುಕಿರುವವರೆಗೆ ಅವಳಿಗೆ ಅನ್ನ ಸಿಗಬಹುದು. ಸತ್ತ ಮೇಲೆ ಪಿಂಚಣಿಯ ಬಾಗಿಲು ಮುಚ್ಚುತ್ತದೆ. ಮೊದಲ ಹೆಂಡತಿಯ ಹಕ್ಕನ್ನು ಕಾಯಲು ಬಂದ ಕಾಯ್ದೆ ಅದನ್ನು ಕಾಯ್ದಿದೆ, ಸರಿ. ಮೋಸಹೋದವಳ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ.

ನಾಮಿನಿ ಎಂದು ಹೆಸರು ಬರೆಸಿದರೆ ಸಾಕು ಎಂದು ನಂಬಬೇಡಿ. ಕುಟುಂಬ ಪಿಂಚಣಿ ನೌಕರ ತನಗೆ ಬೇಕಾದವರಿಗೆ ಬರೆದುಕೊಡುವ ಆಸ್ತಿಯಲ್ಲವೆಂದು ಸುಪ್ರೀಂ ಕೋರ್ಟು 1991ರಲ್ಲೇ ಸ್ಪಷ್ಟಪಡಿಸಿದೆ. ಮದುವೆ ನೋಂದಾಯಿಸಿ, ಗಂಡನ ಸೇವಾ ದಾಖಲೆಯಲ್ಲಿ ನಿಮ್ಮ ಹಾಗೂ ಮಕ್ಕಳ ಹೆಸರು ಇದೆಯೇ ಎಂದು ಅವರು ನೌಕರಿಯಲ್ಲಿರುವಾಗಲೇ ನೋಡಿಕೊಳ್ಳಿ. ಮಗಳಿಗೆ ಗಂಡು ನೋಡುವಾಗ ಜಾತಕದ ಜೊತೆಗೆ ಇದನ್ನೂ ವಿಚಾರಿಸಿ: ಊರಿನಲ್ಲಿ ಯಾರಾದರೂ ಕಾದಿದ್ದಾರೆಯೇ?