ಬಂಧ, ಸಂಯೋಗ, ಮಿಶ್ರಕ: ಪುದ್ಗಲವಿಚಾರದಲ್ಲಿ ಪದವಿವೇಕ

ಧಾತು, ಸಂಯುಕ್ತ, ಮಿಶ್ರಣ ಎಂಬ ತ್ರಿವಿಧ ವಿಭಾಗವು ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಯಾದಗಿರಿ ಸಮೀಪದ ಮುದನಾಳದಂತಹ ಊರಿನ ವಿದ್ಯಾರ್ಥಿಯೂ ಇಂದು ಇದನ್ನು ಕನ್ನಡದಲ್ಲಿಯೇ ಓದುತ್ತಾನೆ. ಆ ಸೀಮೆಗೆ ದೂರವಲ್ಲದ ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಜೈನ ವಿದ್ಯೆಗೆ ಆಶ್ರಯವಿತ್ತ ರಾಜಧಾನಿ. ಆದಕಾರಣ ಈ ಆಧುನಿಕ ವಿಭಾಗವನ್ನು ನಮ್ಮ ಗ್ರಂಥಗಳ ಪುದ್ಗಲವಿಚಾರದೊಡನೆ ಹೋಲಿಸುವ ಆಸೆ ಸಹಜವಾದುದು. ಪರಮಾಣುವೇ ಧಾತು, ಸ್ಕಂಧವೇ ಸಂಯುಕ್ತ ಎಂದು ಹೇಳಿಬಿಡುವುದೂ ಉಂಟು. ಈ ಸಮೀಕರಣವು ನಿಲ್ಲುವುದಿಲ್ಲವೆಂದೂ ನಿಜವಾದ ಸಾದೃಶ್ಯವು ಬೇರೆಡೆ ಇದೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಧಾತುವನ್ನು ಪರಿಶೀಲಿಸೋಣ. 1789ರಲ್ಲಿ ಫ್ರಾನ್ಸಿನ ಲವಾಸಿಯೆ, ಮುಂದೆ ಬಿಡಿಸಲಾಗದ ಸರಳ ಪದಾರ್ಥಗಳೆಂದು 33ನ್ನು ಎಣಿಸಿದನು. 1808ರಲ್ಲಿ ಇಂಗ್ಲೆಂಡಿನ ಡಾಲ್ಟನ್, ಒಂದೊಂದು ಧಾತುವಿಗೂ ಅದರದೇ ಜಾತಿಯ ಪರಮಾಣುಗಳಿವೆಯೆಂದು ಪ್ರತಿಪಾದಿಸಿದನು. ಜಾತಿಭೇದವೇ ಅಲ್ಲಿ ಆಧಾರ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯ ಐದನೆಯ ಅಧ್ಯಾಯದಲ್ಲಿ ಪಾರ್ಥಿವ, ಜಲೀಯ ಮುಂತಾದ ನಿಯತ ಜಾತಿಯ ಪರಮಾಣುಗಳನ್ನೇ ನಿರಾಕರಿಸುತ್ತಾರೆ. ಪರಮಾಣುಗಳೆಲ್ಲವೂ ಪುದ್ಗಲವೇ, ವರ್ಣ, ರಸ, ಗಂಧ, ಸ್ಪರ್ಶಗಳ ಪರ್ಯಾಯಗಳು ಮಾತ್ರ ಬದಲಾಗುತ್ತವೆ. ರಸಾಯನಶಾಸ್ತ್ರಕ್ಕೆ ಧಾತುವಾದ ಬಂಗಾರವು ನಮ್ಮ ಶಾಸ್ತ್ರಕ್ಕೆ ಸ್ಕಂಧ. ಅಷ್ಟೇ ಅಲ್ಲ, ಡಾಲ್ಟನ್ನನ ಪರಮಾಣುವೇ ಆಗಮದ ಅವಿಭಾಜ್ಯ ಪರಮಾಣುವೆಂದು ಒಪ್ಪಿದರೆ, 1897ರಲ್ಲಿ ಎಲೆಕ್ಟ್ರಾನ್ ಕಂಡುಬಂದಾಗಲೇ ಆಗಮವು ಬಾಧಿತವಾಯಿತೆಂದೂ ಒಪ್ಪಬೇಕಾಗುತ್ತದೆ. ಹೊಗಳಲು ಹೊರಟ ಹೋಲಿಕೆಯೇ ದೂಷಣೆಯಾಗಿ ಪರಿಣಮಿಸುತ್ತದೆ.

ಸಂಯುಕ್ತ ಮತ್ತು ಮಿಶ್ರಣಗಳ ಭೇದದಲ್ಲಿಯಾದರೋ ಸಾದೃಶ್ಯವು ಗಟ್ಟಿಯಾಗಿದೆ. ತತ್ತ್ವಾರ್ಥಸೂತ್ರದ ಪ್ರಕಾರ ಸ್ನಿಗ್ಧ-ರೂಕ್ಷ ಗುಣಗಳಿಂದ ಬಂಧವುಂಟಾಗುತ್ತದೆ; ಜಘನ್ಯ ಗುಣವುಳ್ಳವು ಬಂಧಕ್ಕೆ ಒಳಗಾಗುವುದಿಲ್ಲ; ದಿಗಂಬರ ವ್ಯಾಖ್ಯಾನದಂತೆ ಎರಡು ಅಂಶ ಅಧಿಕವಾದುದು ಬಂಧಿಸಿ, ಕಡಿಮೆಯದನ್ನು ತನ್ನಂತೆ ಪರಿಣಮಿಸುತ್ತದೆ. ಇಲ್ಲಿ ಪೂಜ್ಯಪಾದರ ವಿವರಣೆ ಗಮನಾರ್ಹ. ಬಂಧವಾದಾಗ ಎರಡೂ ತಮ್ಮ ಪೂರ್ವಾವಸ್ಥೆಯನ್ನು ಬಿಟ್ಟು ಮೂರನೆಯ ಅವಸ್ಥೆಯೊಂದು ಹುಟ್ಟುತ್ತದೆ. ಹಾಗಾಗದಿದ್ದರೆ ಒಟ್ಟಿಗೆ ಸೇರಿದ ಬಿಳಿ ಮತ್ತು ಕಪ್ಪು ನೂಲುಗಳಂತೆ ಸಂಯೋಗವಿದ್ದೂ ಎಲ್ಲವೂ ಬೇರೆಬೇರೆಯಾಗಿಯೇ ಉಳಿಯುತ್ತದೆ. ಘಟಕಗಳು ತಮ್ಮ ಗುಣ ಕಳೆದುಕೊಂಡರೆ ಸಂಯುಕ್ತ, ಉಳಿಸಿಕೊಂಡರೆ ಮಿಶ್ರಣ ಎಂಬ ಇಂದಿನ ಪಾಠದ ತಿರುಳೂ ಇದೇ.

ಆದರೂ ಎಚ್ಚರ ಬೇಕು. ಒದ್ದೆಬೆಲ್ಲವು ಧೂಳನ್ನು ಸಿಹಿಯಾಗಿಸುವುದೆಂಬ ಅವರ ದೃಷ್ಟಾಂತವು ಇಂದಿನ ಲೆಕ್ಕದಲ್ಲಿ ಮಿಶ್ರಣವೇ. ಬೇರೊಂದು ಸೂತ್ರದ ವ್ಯಾಖ್ಯಾನದಲ್ಲಿ ಅರಗು-ಮರಗಳ ಜೋಡಣೆಯನ್ನೂ ಅವರು ಪ್ರಾಯೋಗಿಕ ಬಂಧವೆಂದಿದ್ದಾರೆ. ಆದುದರಿಂದ ಬಂಧವೆಂಬ ಶಬ್ದವು ಕಂಡಮಾತ್ರಕ್ಕೆ ಸಂಯುಕ್ತವೆನ್ನಲಾಗದು. ಪರಿಣಾಮವನ್ನು ಹೇಳಿದೆಯೇ ಎಂಬುದನ್ನು ನೋಡಬೇಕು.

ಮಿಶ್ರಣಕ್ಕೆ ಒಂದು ಗಣಿತಸಾಕ್ಷ್ಯವೂ ಇದೆ. ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭವಾಗುವ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಮಿಶ್ರಕವ್ಯವಹಾರವೆಂಬ ಪ್ರಕರಣವಿದೆ. ಬೇರೆಬೇರೆ ಬಣ್ಣದ, ಎಂದರೆ ಶುದ್ಧಿಯ, ಬಂಗಾರಗಳನ್ನು ಕರಗಿಸಿ ಕೂಡಿಸಿದರೆ ಬರುವ ಬಣ್ಣವನ್ನು ಅಲ್ಲಿ ಲೆಕ್ಕಹಾಕಲಾಗಿದೆ: ಒಂದೊಂದರ ತೂಕವನ್ನೂ ಬಣ್ಣವನ್ನೂ ಗುಣಿಸಿ ಕೂಡಿಸಿ, ಒಟ್ಟು ತೂಕದಿಂದ ಭಾಗಿಸುವುದು. 4 ತೂಕ 10 ಬಣ್ಣದ್ದೂ 6 ತೂಕ 15 ಬಣ್ಣದ್ದೂ ಸೇರಿದರೆ 13 ಬಣ್ಣ ಬರುತ್ತದೆ. ಅಪ್ಪಟ ಬಂಗಾರದ ಪ್ರಮಾಣ ಹೆಚ್ಚುಕಡಿಮೆಯಾಗದೆ ಉಳಿಯುವುದೆಂಬ ನಂಬಿಕೆಯ ಮೇಲೆಯೇ ಈ ಲೆಕ್ಕ ನಿಂತಿದೆ.

ಕೊನೆಯದಾಗಿ ಸಂಪಾದಕರಿಗೊಂದು ಮಾತು. ಪಠ್ಯಪುಸ್ತಕದ 'ರಾಸಾಯನಿಕ ಸಂಯೋಗ'ವು ಶಾಸ್ತ್ರದ ಬಂಧಕ್ಕೆ ಸಮೀಪ. ಶಾಸ್ತ್ರದ ಬರಿಯ ಸಂಯೋಗವು ಪಠ್ಯದ ಮಿಶ್ರಣಕ್ಕೆ ಸಮೀಪ. ಪದಗಳು ಅದಲುಬದಲಾಗಿವೆ. ಗೊಮ್ಮಟಸಾರಕ್ಕೆ 1359ರಲ್ಲಿ ಕನ್ನಡ ವೃತ್ತಿ ಬರೆದ ಕೇಶವವರ್ಣಿಯ ಕೃತಿಯು ಅಚ್ಚಾಗಿದ್ದರೂ, ಇಂತಹ ವೃತ್ತಿಗಳ ಓಲೆಪ್ರತಿಗಳು ಪಾಠಪರಿಶೀಲನೆಗೆ ಇಂದಿಗೂ ಆವಶ್ಯಕ. ಅವುಗಳನ್ನು ಓದುವಾಗ ಶಾಲೆಯಲ್ಲಿ ಕಲಿತ ಅರ್ಥವನ್ನು ಈ ಪದಗಳ ಮೇಲೆ ಹೇರಬಾರದು. ಒಂದನ್ನು ಇನ್ನೊಂದಾಗಿ ತಿದ್ದಲೂಬಾರದು. ಪದವೊಂದು ಬದಲಾದರೆ ಸಿದ್ಧಾಂತವೇ ಬದಲಾಗುತ್ತದೆ. ವಿದ್ವಾಂಸರು ಪರಾಮರ್ಶಿಸಬೇಕಾಗಿ ವಿನಂತಿ.