ಅಂತರ್ಜಾಲದಲ್ಲಿ ಹಿಂಸಾತ್ಮಕ ಉಗ್ರವಾದ

ಹಿಂಸೆಯನ್ನು ಸಮರ್ಥಿಸುವ ಮತೀಯ ಅಥವಾ ರಾಜಕೀಯ ವಿಚಾರವನ್ನು ಅಂತರ್ಜಾಲದಲ್ಲಿ ಹರಡುವುದು, ಅದಕ್ಕೆ ಜನರನ್ನು ಸೆಳೆಯುವುದು, ಕೃತ್ಯಕ್ಕೆ ಅಣಿಗೊಳಿಸುವುದು ಇವೆಲ್ಲ ಅಂತರ್ಜಾಲದ ಹಿಂಸಾತ್ಮಕ ಉಗ್ರವಾದದ ವ್ಯಾಪ್ತಿಗೆ ಬರುತ್ತವೆ. ಒಂದೇ ವೇದಿಕೆಯನ್ನು ಗಮನಿಸಿದರೆ ಇದು ಪೂರ್ತಿ ಕಾಣುವುದಿಲ್ಲ. ಪ್ರಚಾರ ಬಹಿರಂಗ ಖಾತೆಗಳಲ್ಲಿ ನಡೆಯುತ್ತದೆ; ಒಲವು ತೋರಿದವರನ್ನು ಗೋಪ್ಯ ಸಂದೇಶದ ಆ್ಯಪ್‌ಗಳಿಗೆ ಕರೆದೊಯ್ಯಲಾಗುತ್ತದೆ.

ಬಹಿರಂಗ ಪ್ರಚಾರಕ್ಕೆ ಕರ್ನಾಟಕದ ಮುಖ್ಯ ಉದಾಹರಣೆ ಐಸಿಸ್ (ಇಸ್ಲಾಮಿಕ್ ಸ್ಟೇಟ್) ಉಗ್ರ ಸಂಘಟನೆಯ ಪರವಾಗಿ ಬರೆಯುತ್ತಿದ್ದ ‘ಶಮಿ ವಿಟ್ನೆಸ್’ ಎಂಬ ಟ್ವಿಟರ್ ಖಾತೆ. ಅದನ್ನು ನಡೆಸುತ್ತಿದ್ದವನನ್ನು 2014ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಂಧಿಸಲಾಯಿತು.

ರಿಪ್ಪನ್‌ಪೇಟೆಯಂಥ ಶಿವಮೊಗ್ಗ ಜಿಲ್ಲೆಯ ಮಲೆನಾಡು ಪೇಟೆಗಳಿಗೂ ಇದು ದೂರದ ಮಾತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಪೊಲೀಸರು ಐಸಿಸ್ ಸಂಚಿನ ಪ್ರಕರಣ ದಾಖಲಿಸಿದರು. ನಂತರ ಅದು ರಾಷ್ಟ್ರೀಯ ತನಿಖಾ ಸಂಸ್ಥೆಗೆ ಹೋಯಿತು. ವಿದೇಶದಲ್ಲಿದ್ದ ಸೂತ್ರಧಾರರು ಆನ್‌ಲೈನ್‌ನಲ್ಲೇ ಸೂಚನೆ ನೀಡಿ, ಕ್ರಿಪ್ಟೋ ಕರೆನ್ಸಿಯಲ್ಲಿ ಹಣ ಒದಗಿಸಿದರೆಂಬುದು ಸಂಸ್ಥೆಯ ಆರೋಪ. ಅದೇ ವರ್ಷ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿತು. ಚಾಲಕ ಗಾಯಗೊಂಡರು; ಬಾಂಬ್ ಒಯ್ಯುತ್ತಿದ್ದ ಆರೋಪಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯವನು.

ಉಗ್ರವಾದವನ್ನು ಒಂದೇ ಮತಕ್ಕೆ ಕಟ್ಟಿಹಾಕುವುದು ತಪ್ಪು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಬಿಳಿಯ ಜನಾಂಗವಾದಿಯೊಬ್ಬ ಮಸೀದಿಗಳಲ್ಲಿ 51 ಜನರನ್ನು ಕೊಂದ. ದಾಳಿಯನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ.

ಭಾರತದಲ್ಲಿ ಇಂಥ ಬರಹ, ವಿಡಿಯೊಗಳನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ತಡೆಹಿಡಿಯಬಹುದು. ಸಾಮಾಜಿಕ ಜಾಲತಾಣ ಕಂಪನಿಗಳು ತಾವು ಗುರುತಿಸಿದ ಇಂಥ ವಿಡಿಯೊಗಳ ಡಿಜಿಟಲ್ ಮುದ್ರೆಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಆದರೆ ಗೋಪ್ಯ ಗುಂಪಿನೊಳಗಿನ ಮಾತು ಈ ಜಾಲಕ್ಕೆ ಸುಲಭವಾಗಿ ಸಿಗುವುದಿಲ್ಲ. ಅಂಥ ಗುಂಪಿಗೆ ಸೇರಿದವರ ಬದಲಾವಣೆ ಮೊದಲು ಕಣ್ಣಿಗೆ ಬೀಳುವುದು ಮನೆಯವರಿಗೆ, ಗೆಳೆಯರಿಗೆ, ಮೇಷ್ಟರಿಗೆ.