ಚಂದ್ರಗುಪ್ತನಿಗೂ ಬೆಲೆ

ಚಿಕ್ಕಬಾಣಾವರದಂಥ ಊರಿನ ಜಗುಲಿಯಲ್ಲಿ ಚೌಕಾಬಾರಕ್ಕೆ ಬೇಕಾದದ್ದು ಸೀಮೆಸುಣ್ಣ, ಕವಡೆ. ಐದು ಸಾಲಿನ ಮನೆ ಸಾಲದೆನಿಸಿದರೆ ಏಳು ಸಾಲು ಎಳೆದರಾಯಿತು, ವಿಸ್ತರಣೆಗೆ ಕಾಸಿಲ್ಲ.

ಕಂಪ್ಯೂಟರ್ ಆಟದ ಲೆಕ್ಕ ಬೇರೆ. ಸಾಮ್ರಾಜ್ಯ ಕಟ್ಟುವ ‘ಸಿವಿಲೈಸೇಷನ್’ ಅಮೆರಿಕದಲ್ಲಿ 1991ರಲ್ಲಿ ಬಂತು. ಎರಡನೆಯ ಆವೃತ್ತಿ ಹೊರಬಿದ್ದ 1996ರಲ್ಲೇ ಅದಕ್ಕೊಂದು ಪುರವಣಿಯೂ ಬೇರೆಯಾಗಿ ಮಾರಾಟಕ್ಕೆ ಬಂತು. ಸಿದ್ಧವಿರುವ ಆಟಕ್ಕೆ ಹೊಸ ಭೂಪಟ, ಹೊಸ ದೊರೆಗಳನ್ನು ಸೇರಿಸುವುದು ಹೊಸ ಆಟ ಕಟ್ಟುವುದಕ್ಕಿಂತ ಅಗ್ಗ. ಮೂಲ ಆಟ ಕೊಂಡವರೇ ಅದರ ಗಿರಾಕಿಗಳು.

ಆರನೆಯ ಆವೃತ್ತಿ 2016ರಲ್ಲಿ 59.99 ಡಾಲರಿಗೆ ಬಂದಾಗ ಭಾರತದ ನಾಯಕ ಗಾಂಧೀಜಿ. 2018ರ ‘ರೈಸ್ ಅಂಡ್ ಫಾಲ್’ ವಿಸ್ತರಣೆಗೆ ಮತ್ತೆ 29.99 ಡಾಲರ್ ತೆತ್ತವರಿಗೆ ಚಂದ್ರಗುಪ್ತ ಮೌರ್ಯನೂ ದೊರೆತ. ಆಟದಲ್ಲಿ ಅವನ ವಿಶೇಷ ಶಕ್ತಿ ನೆರೆರಾಜ್ಯಗಳ ಮೇಲೆ ದಂಡೆತ್ತುವುದು.

ಕನ್ನಡ ನಾಡು ನೆನೆಯುವ ಚಂದ್ರಗುಪ್ತನೇ ಬೇರೆ. ಆತ ರಾಜ್ಯ ತೊರೆದು, ಗುರು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದು, ಸಲ್ಲೇಖನದಿಂದ ದೇಹ ಬಿಟ್ಟನೆನ್ನುತ್ತದೆ ಜೈನ ಪರಂಪರೆ.

ಇಂದಿನ ಎಷ್ಟೋ ಮಕ್ಕಳಿಗೆ ಇತಿಹಾಸದ ಮೊದಲ ಪರಿಚಯ ಇಂಥ ಆಟದಿಂದಲೇ. ಹಣ ತೆತ್ತರೂ ಅವರಿಗೆ ಸಿಗುವುದು ಅರ್ಧ ಕಥೆ. ಉಳಿದರ್ಧ ಚಂದ್ರಗಿರಿಯ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿದೆ. ರಜೆಯಲ್ಲೊಮ್ಮೆ ಮಕ್ಕಳನ್ನು ಕರೆದೊಯ್ದು ತೋರಿಸಿ.